ಮೂರು ಸಾವಿರ ಅಡಿ ಎತ್ತರ ಇದ್ದ ಮಾತ್ರಕ್ಕೆ ಕೆಂಪು ವೈನ್ ಆಗಲ್ಲ

ಹೋದ ವಾರ ಮೊಸಳೆಗೆ ಹೋಗಿದ್ದೆವು. ನಾಗೇಶ್ವರ, ಚೆನ್ನಕೇಶವ ಜೋಡಿ ದೇವಸ್ಥಾನದ ಒಂದು ಚಿಕ್ಕ ಸುದ್ದಿಗೆ. ಕೆಲಸ ಮುಗಿಸಿ ಟೀ ಕುಡಿಯುತ್ತಾ ನಿಂತಿದ್ದಾಗ ಪರಿಚಯದ ರೈತರೊಬ್ಬರು ಬಂದು ಫೋನ್ ಮುಂದೆ ಹಿಡಿದರು. ಅದರಲ್ಲಿ ಒಂದು ಪೇಪರ್ ಕಟಿಂಗ್‌ನ ಫೋಟೊ.

“ಇದು ನೀವೇ ಬರ್ದಿದ್ದಲ್ವಾ ಸಾರ್? ವೈನ್ ದ್ರಾಕ್ಷಿ ನಮ್ ಕಡೆ ಚೆನ್ನಾಗ್ ಬರುತ್ತೆ ಅಂತ. ಎರಡು ಎಕರೆಗೆ ಅಡ್ವಾನ್ಸ್ ಕೊಡಾಣ ಅಂತಿದೀನಿ.”

ನೋಡಿದರೆ ಹೌದು, ನಾವೇ ಬರೆದದ್ದು. ಸಸಿ ಮಾರುವವರು ಕರೆದ ಒಂದು ಪತ್ರಿಕಾಗೋಷ್ಠಿ, ಊಟ, ಒಂದು ಪ್ರೆಸ್ ನೋಟ್. ಹಾಸನದ ಹವೆ ಕೆಂಪು ವೈನ್‌ಗೆ ಹೇಳಿ ಮಾಡಿಸಿದ್ದು ಎಂದು ಅವರು ಅಂದರು, ನಾವು ಟೈಪ್ ಮಾಡಿ ಕಳಿಸಿದೆವು. ಮೂರು ಕಾಲಂ ಬಂತು. ಸ್ಟ್ರಿಂಗರ್‌ಗೆ ಕಾಲಂ ಲೆಕ್ಕದಲ್ಲಿ ದುಡ್ಡು, ನಮಗೂ ಖುಷಿ. “ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು” ಎಂದು ಕೇಳಬೇಕೆಂದು ಡಿಪ್ಲೊಮಾದ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು. ಅವತ್ತು ಕೇಳಲಿಲ್ಲ. ಈಗ ಆ ಕಟಿಂಗ್ ಪ್ಲಾಸ್ಟಿಕ್ ಹೊದಿಸಿಕೊಂಡು ಊರೂರು ಸುತ್ತುತ್ತಿದೆ.

ಆ ಸುದ್ದಿಯನ್ನು ವಾಪಸ್ ತೆಗೆದುಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇವೆ.

ಅವರ ವಾದ ಸರಳ. ನಂದಿಬೆಟ್ಟದ ಬುಡದ ದ್ರಾಕ್ಷಿ ತೋಟಗಳು ಸಮುದ್ರ ಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಮೇಲಿವೆ. ಹಾಸನವೂ ಅಷ್ಟೇ ಎತ್ತರ. ಅಲ್ಲಿ ಒಳ್ಳೆ ಕೆಂಪು ವೈನ್ ಆಗುತ್ತದೆ, ಆದ್ದರಿಂದ ಇಲ್ಲೂ ಆಗುತ್ತದೆ. ಫೋನ್‌ನಲ್ಲಿ ಎತ್ತರ ತೋರಿಸುವ ಆ್ಯಪ್ ತೆರೆದು, “ನೋಡಿ ಗೌಡ್ರೇ, ನಿಮ್ಮ ಹೊಲದಲ್ಲೇ ಬರುತ್ತಿದೆ” ಎಂದು ಕಣ್ಣೆದುರೇ ತೋರಿಸುತ್ತಾರೆ. ಬಡವರ ಊಟಿ ಎಂದು ಕರೆಸಿಕೊಂಡ ಜಿಲ್ಲೆ ನಮ್ಮದು. ತಂಪಿನ ಬಗ್ಗೆ ಯಾರಾದರೂ ಹೊಗಳಿದರೆ ಬೇಗ ನಂಬುತ್ತೇವೆ.

ಅದರಲ್ಲಿ ಅರ್ಧ ನಿಜ ಇದೆ, ತೊಂದರೆ ಇರುವುದೇ ಅಲ್ಲಿ. ಎತ್ತರಕ್ಕೂ ಕೆಂಪು ವೈನ್‌ಗೂ ನಂಟು ಇದೆ. ಅದೇನು ಎಂದು ಮೊದಲು ತಿಳಿದುಕೊಳ್ಳೋಣ.

ಕಪ್ಪು ದ್ರಾಕ್ಷಿ ಹಿಂಡಿದರೆ ಬಹುತೇಕ ತಳಿಗಳಲ್ಲಿ ರಸ ಬಿಳಿಚಾಗಿಯೇ ಬರುತ್ತದೆ. ಕೆಂಪು ಬಣ್ಣ ಇರುವುದು ಸಿಪ್ಪೆಯಲ್ಲಿ. ಅದಕ್ಕೇ ಕೆಂಪು ವೈನ್ ಮಾಡುವಾಗ ರಸವನ್ನು ಸಿಪ್ಪೆಯ ಜೊತೆಗೇ ಹುಳಿಯಲು ಬಿಡುತ್ತಾರೆ. ಬಣ್ಣ, ಬಾಯಿ ಒಗರಾಗಿಸುವ ಗುಣ, ಅರ್ಧ ಪರಿಮಳ ಎಲ್ಲಾ ಸಿಪ್ಪೆಯಿಂದ. ಆ ಸಿಪ್ಪೆ ಹೇಗೆ ಹಣ್ಣಾಯಿತು ಎನ್ನುವುದರ ಮೇಲೆ ವೈನ್ ನಿಂತಿದೆ.

ಕಾಫಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಎತ್ತರದ ಅರೇಬಿಕಾ ನಿಧಾನ ಹಣ್ಣಾಗುತ್ತದೆ, ಬೀಜ ಗಟ್ಟಿ, ಹುಳಿ ಹಿತ. ದ್ರಾಕ್ಷಿಯದೂ ಹೆಚ್ಚುಕಡಿಮೆ ಅದೇ ಕತೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರು ಡಿಗ್ರಿ ತಂಪು. ಬಿಸಿ ಸೀಮೆಯಲ್ಲಿ ಹಣ್ಣಿಗೆ ಸಕ್ಕರೆ ಓಡೋಡಿ ಬರುತ್ತದೆ, ಹುಳಿ ಸುಟ್ಟುಹೋಗುತ್ತದೆ, ಸಿಪ್ಪೆ ಮಾತ್ರ ಇನ್ನೂ ಎಳಸು. ಕಾರ್ಬೈಡ್ ಹಾಕಿದ ಮಾವಿನ ಹಣ್ಣು ನೆನೆಸಿಕೊಳ್ಳಿ, ನೋಡಲು ಹಣ್ಣು, ತಿನ್ನಲು ಕಾಯಿ. ಸಕ್ಕರೆ ನೋಡಿ ಬೇಗ ಕೊಯ್ದರೆ ವೈನ್ ಒಗರು. ಸಿಪ್ಪೆ ಮಾಗಲಿ ಎಂದು ಕಾದರೆ ಸಕ್ಕರೆ ಮಿತಿಮೀರುತ್ತದೆ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹೆಚ್ಚಾದರೆ ಶೇಕಡಾ ಒಂದರಷ್ಟು ಮದ್ಯಸಾರ ಹೆಚ್ಚು. ಹಾಗೆ ಬಂದ ವೈನ್ ದಪ್ಪ, ಗಾಢ, ಒಣದ್ರಾಕ್ಷಿಯ ವಾಸನೆ, ಗಂಟಲಲ್ಲಿ ಬಿಸಿ. ಕಳೆದುಹೋದ ಹುಳಿಯ ಬದಲು ಟಾರ್ಟಾರಿಕ್ ಆಮ್ಲ ಬೆರೆಸುವುದು ಜಗತ್ತಿನ ಎಲ್ಲ ಬಿಸಿ ಸೀಮೆಗಳಲ್ಲಿ ರೂಢಿ.

ತಂಪು ಸೀಮೆಯ ಕೆಂಪು ವೈನ್ ತೆಳು, ಹುಳಿ ಚುರುಕು. ಶಿರಾಜ್ ತಳಿಯಾದರೆ ಕರಿಮೆಣಸಿನ ವಾಸನೆ ಎದ್ದು ಬರುತ್ತದೆ. ಹಾಗಂತ ತಂಪು ಜಾಸ್ತಿಯಾದರೂ ಕೆಡುತ್ತದೆ. ಕ್ಯಾಬರ್ನೆ ಸರಿಯಾಗಿ ಹಣ್ಣಾಗದಿದ್ದರೆ ಹಸಿ ದಪ್ಪಮೆಣಸಿನಕಾಯಿ ಕೊಯ್ದ ಹಾಗೆ ವಾಸನೆ. ನಡುವೆ ಎಲ್ಲೋ ಒಂದು ಹದ ಇದೆ: ಹಗಲು ಸಾಕಷ್ಟು ಬಿಸಿಲು, ರಾತ್ರಿ ಚಳಿ. ರಾತ್ರಿ ತಂಪಾದರೆ ಹುಳಿ ಉಳಿಯುತ್ತದೆ, ಸಿಪ್ಪೆಗೆ ಬಣ್ಣ ಕೂರುತ್ತದೆ.

ಇಷ್ಟು ಹೇಳಿ ಮಾರುವವರು ನಿಲ್ಲಿಸುತ್ತಾರೆ. ನಾವು ಇಲ್ಲಿಂದ ಶುರು ಮಾಡುತ್ತೇವೆ.

ಎತ್ತರವೇ ದೊಡ್ಡದಾಗಿದ್ದರೆ ಫ್ರಾನ್ಸಿನ ಬೋರ್ಡೋಗೆ ಹೆಸರೇ ಬರಬಾರದಿತ್ತು. ಅಲ್ಲಿನ ತೋಟಗಳಲ್ಲಿ ಹೆಚ್ಚಿನವು ಸಮುದ್ರ ಮಟ್ಟದಿಂದ ನೂರು ಮೀಟರ್ ಕೂಡ ಮೇಲಿಲ್ಲ. ಆ ಊರು ಭೂಮಧ್ಯ ರೇಖೆಯಿಂದ ದೂರ, 45 ಡಿಗ್ರಿ ಅಕ್ಷಾಂಶದ ಹತ್ತಿರ ಇರುವುದರಿಂದ ಎತ್ತರ ಕೊಡಬೇಕಾದ ತಂಪನ್ನು ದೂರವೇ ಕೊಡುತ್ತದೆ. ಅರ್ಜೆಂಟೀನಾದ ಸಾಲ್ಟಾ ಪ್ರಾಂತ್ಯದಲ್ಲಿ 3,111 ಮೀಟರ್ ಎತ್ತರದಲ್ಲಿ ದ್ರಾಕ್ಷಿ ತೋಟ ಇದೆ. ಮುಳ್ಳಯ್ಯನಗಿರಿಗಿಂತ ಒಂದೂವರೆ ಪಟ್ಟಿಗಿಂತ ಹೆಚ್ಚು ಎತ್ತರ. ಅಲ್ಲಿ ಬಿಸಿಲು ಚುರುಕು, ರಾತ್ರಿ ಕೊರೆಯುವ ಚಳಿ, ಮಾಲ್ಬೆಕ್ ದ್ರಾಕ್ಷಿಯ ಸಿಪ್ಪೆ ದಪ್ಪವಾಗಿ ಬಣ್ಣ ಮಸಿಯ ಹಾಗೆ ಬರುತ್ತದೆ. ಅದೇ ದೇಶದ ಮೆಂಡೋಸಾದಲ್ಲಿ ವರ್ಷಕ್ಕೆ ಮಳೆ ಸುಮಾರು 200 ಮಿಲಿಮೀಟರ್. ನಮ್ಮಲ್ಲಿ ಜೋರು ಮಳೆಯ ಒಂದು ತಿಂಗಳಿಗೆ ಅಷ್ಟು ಬೀಳುತ್ತದೆ. ನೀರು ಆಂಡಿಸ್ ಪರ್ವತದ ಹಿಮ ಕರಗಿ ಕಾಲುವೆಯಲ್ಲಿ ಬರುತ್ತದೆ. ಬೇಕೆಂದಾಗ ತೂಬು ಎತ್ತು, ಸಾಕೆಂದಾಗ ಇಳಿಸು. ಆ ತೋಟದ ಎತ್ತರ ಮಾತ್ರ ಎತ್ತಿಕೊಂಡು, ಒಣ ಹವೆಯನ್ನು ಅಲ್ಲೇ ಬಿಟ್ಟುಬಂದರೆ ಏನು ಪ್ರಯೋಜನ?

ಅಷ್ಟು ದೂರ ಹೋಗುವುದೂ ಬೇಡ. ಕೊಪ್ಪಳದ ಕಡೆ, ಹಂಪಿ ಬೆಟ್ಟಗಳ ಸೀಮೆಯಲ್ಲಿ ಬೆಳೆದ ಕ್ಯಾಬರ್ನೆಗೆ ದೇಶದಲ್ಲಿ ಒಳ್ಳೆ ಹೆಸರಿದೆ. ಆ ಜಾಗ ನಮಗಿಂತ ಸಾಕಷ್ಟು ತಗ್ಗು, ನಮಗಿಂತ ಬಿಸಿ. ವಿಜಯಪುರವೂ ಅಷ್ಟೇ, 600 ಮೀಟರ್ ಆಸುಪಾಸು. ಎತ್ತರದ ಪರೀಕ್ಷೆಯಲ್ಲಿ ಮೊಸಳೆ ಪಾಸು, ವಿಜಯಪುರ ಫೇಲು. ಆದರೆ ದ್ರಾಕ್ಷಿ ಎಲ್ಲಿದೆ? ವಿಜಯಪುರದಲ್ಲಿ! ಕಾರಣ ಅಲ್ಲಿನ ಒಣ ಹವೆ. ನಂದಿ ಬುಡದ ಕೆಂಪಿಗೂ ಕೃಷ್ಣಾ ಕಣಿವೆಯ ಕೆಂಪಿಗೂ ಇರುವ ವ್ಯತ್ಯಾಸ ಮಾಡುವುದು ಎತ್ತರ. ಮೊದಲಿನದು ಸ್ವಲ್ಪ ಹಗುರ, ಹುಳಿ ಚೆನ್ನಾಗಿರುತ್ತದೆ. ಎರಡನೆಯದು ಗಾಢ, ಹಣ್ಣು ಹಣ್ಣು. ಆದರೆ ಹಣ್ಣು ಕೈಗೆ ಬರುತ್ತದೋ ಇಲ್ಲವೋ ಎಂದು ಹೇಳುವುದು ಮಳೆ.

ಇನ್ನೊಂದು ತಮಾಷೆ. ನಂದಿಬೆಟ್ಟದ ತುದಿ 1,478 ಮೀಟರ್. ಬಳ್ಳಿ ಇರುವುದು ಬುಡದಲ್ಲಿ, ಐನೂರು ಮೀಟರಿಗೂ ಹೆಚ್ಚು ಕೆಳಗೆ. ಬೆಟ್ಟದ ಮೇಲೆ ಬೆಳಗ್ಗೆ ಮಂಜಿನಲ್ಲಿ ನಡುಗಿ ಬಂದವರು ವೈನ್ ಕೂಡ ಅದೇ ಚಳಿಯಲ್ಲಿ ಬೆಳೆದದ್ದು ಅಂದುಕೊಳ್ಳುತ್ತಾರೆ. ಮೂರು ಡಿಗ್ರಿ ವ್ಯತ್ಯಾಸ ಅಲ್ಲೇ ಇದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಯೂರೋಪಿನಲ್ಲಿ ದ್ರಾಕ್ಷಿ ಬೇಸಿಗೆಯಲ್ಲಿ ಬೆಳೆದು ಚಳಿಗಾಲದ ಕಡೆ ಮುಖ ಮಾಡಿ ಹಣ್ಣಾಗುತ್ತದೆ. ಕೊಯ್ಲು ಹತ್ತಿರ ಬಂದಂತೆ ದಿನ ದಿನಕ್ಕೂ ತಂಪು. ನಮ್ಮಲ್ಲಿ ಉಲ್ಟಾ. ಇಲ್ಲಿ ಬಳ್ಳಿ ನಿದ್ದೆ ಹೋಗುವಷ್ಟು ಚಳಿಯೇ ಬೀಳುವುದಿಲ್ಲ. ಅದಕ್ಕೆ ಕಾಫಿಗೆ ಕಪಾತು ಮಾಡಿದ ಹಾಗೆ ವರ್ಷಕ್ಕೆ ಎರಡು ಸಲ ಸವರುತ್ತಾರೆ, ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್ ಆಸುಪಾಸು ಒಂದು. ವಿಜಯಪುರದವರು ಅದಕ್ಕೆ ಚಾಟ್ನಿ ಅನ್ನುತ್ತಾರೆ. ಅಕ್ಟೋಬರ್ ಚಾಟ್ನಿಯ ಫಸಲು ನವೆಂಬರ್‌ನಲ್ಲಿ ಹೂವು, ಜನವರಿಯಲ್ಲಿ ಬಣ್ಣ, ಫೆಬ್ರವರಿ–ಮಾರ್ಚ್‌ನಲ್ಲಿ ಕೊಯ್ಲು. ನಮ್ಮ ದ್ರಾಕ್ಷಿ ಬೇಸಿಗೆಯ ಕಡೆ ಮುಖ ಮಾಡಿ ಹಣ್ಣಾಗುತ್ತದೆ. ಕೊಯ್ಲು ಹತ್ತಿರ ಬಂದಂತೆ ಬಿಸಿ ಏರುತ್ತಾ ಹೋಗುತ್ತದೆ. ಬೋರ್ಡೋ ತರಹದ್ದು, ಫ್ರಾನ್ಸ್ ತರಹದ್ದು ಎಂದು ಮಾರುವ ಮಾತು ಇಲ್ಲೇ ಬಿದ್ದುಹೋಯಿತು.

ಜನವರಿಯ ಹಾಸನ ನಿಜಕ್ಕೂ ಒಳ್ಳೆಯದು. ಬೆಳಗ್ಗೆ ಸ್ವೆಟರ್, ಮಧ್ಯಾಹ್ನ ಹಿತವಾದ ಬಿಸಿಲು, ಮಳೆ ಇಲ್ಲ. ದ್ರಾಕ್ಷಿ ಬಣ್ಣ ತಿರುಗಲು ಇದಕ್ಕಿಂತ ಏನು ಬೇಕು? ಇದನ್ನು ಒಪ್ಪುತ್ತೇವೆ. ಆದರೆ ಜನವರಿಗೆ ತಲುಪಬೇಕಾದರೆ ಬಳ್ಳಿ ನವೆಂಬರ್ ದಾಟಬೇಕಲ್ಲ?

ನವೆಂಬರ್ 2021 ಮರೆತಿದ್ದೀರಾ? ಕೊಯ್ದು ಹಾಕಿದ ರಾಗಿ ಹೊಲದಲ್ಲೇ ಮೊಳಕೆ ಬಂತು. ಕಾಫಿ ಹಣ್ಣು ಉದುರಿತು, ಕಿತ್ತದ್ದನ್ನು ಒಣಗಿಸಲು ಕಣದಲ್ಲಿ ಬಿಸಿಲಿಲ್ಲ. ಆಗ ದ್ರಾಕ್ಷಿ ಇದ್ದಿದ್ದರೆ ಹೂವಿನಲ್ಲಿರುತ್ತಿತ್ತು. ಹೂವಿನ ಮೇಲೆ ದಿನಗಟ್ಟಲೆ ಜಿಟಿಜಿಟಿ ಮಳೆ ಎಂದರೆ ಡೌನಿ, ಅಂದರೆ ಬೂಜು ತುಪ್ಪಟ ರೋಗ. ಎಲೆಯ ಕೆಳಗೆ ಬಿಳಿ ಬೂಜು ಕೂತು ಗೊಂಚಲು ಒಣಗಿ ಉದುರುತ್ತದೆ. 2009ರ ನವೆಂಬರ್‌ನಲ್ಲಿ ಫಯಾನ್ ಚಂಡಮಾರುತದ ಮಳೆಗೆ ನಾಸಿಕ್ ಕಡೆ ದ್ರಾಕ್ಷಿಗೆ ದೊಡ್ಡ ಪೆಟ್ಟು ಬಿತ್ತು. ಅದು ದ್ರಾಕ್ಷಿಯಲ್ಲಿ ಪಳಗಿದ ಸೀಮೆ, ಔಷಧಿ, ಯಂತ್ರ, ತಿಳಿದವರು ಎಲ್ಲಾ ಇದ್ದರು.

ಈ ಡೌನಿ ನಮಗೆ ಹೊಸಬನೂ ಅಲ್ಲ. ಆಲೂಗಡ್ಡೆಯ ಅಂಗಮಾರಿ, ಅಡಿಕೆಯ ಕೊಳೆರೋಗ, ದ್ರಾಕ್ಷಿಯ ಡೌನಿ, ಮೂರೂ ಒಂದೇ ಬಳಗ. ಮೋಡ, ತಂಪು, ಎಲೆ ಮೇಲೆ ನೀರು, ಇಷ್ಟು ಸಿಕ್ಕಿದರೆ ಸಾಕು, ರಾತ್ರಿ ಬೆಳಗಾಗುವುದರಲ್ಲಿ ಹೊಲ ತಿನ್ನುತ್ತವೆ. ಹಾಸನದ ಆಲೂಗಡ್ಡೆಯನ್ನು ತಿಂದದ್ದು ಯಾವುದು ಎಂದು ಮೊಸಳೆಯ ರೈತರಿಗೆ ನಾವು ಹೇಳಬೇಕಾಗಿಲ್ಲ. ಜಲಂಧರದ ಬೀಜಕ್ಕೆ ಸಾಲ ಮಾಡಿ, ಸಂಜೆ ಹಸಿರಿದ್ದ ಹೊಲ ಎರಡು ದಿನದಲ್ಲಿ ಕಪ್ಪಾದದ್ದನ್ನು ಕಂಡವರು ಅವರು.

ಬೋರ್ಡೋ ಎನ್ನುವ ಹೆಸರನ್ನೂ ನಾವು ಇಂಗ್ಲಿಷ್ ಪುಸ್ತಕದಿಂದ ಕಲಿಯಲಿಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅಡಿಕೆ, ಕಾಫಿ ಇರುವ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಆ ದ್ರಾವಣ ಹುಟ್ಟಿದ್ದು ಕೆಂಪು ವೈನ್‌ನ ಅದೇ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಪಕ್ಕದ ಬಳ್ಳಿಗಳಿಗೆ ಅಲ್ಲಿನವರು ಮೈಲುತುತ್ತ–ಸುಣ್ಣ ಬಳಿದಿದ್ದರಂತೆ. ಆ ಬಳ್ಳಿಗಳ ಎಲೆ ಮಾತ್ರ ಡೌನಿಗೆ ಉದುರದೆ ನಿಂತಿದ್ದನ್ನು ಮಿಲಾರ್ದೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದ. ನಿಮ್ಮ ಅಡಿಕೆ ಗೊನೆಗೆ ಹೊಡೆಯುವ ನೀಲಿ ನೀರೇ ಸಾಕ್ಷಿ, ಮಳೆ ಬೀಳುವ ಸೀಮೆಯಲ್ಲಿ ದ್ರಾಕ್ಷಿ ಎಂದರೆ ರೋಗದ ಜೊತೆ ಜೀವನ. ಎತ್ತರ ತೋರಿಸುವ ಆ್ಯಪ್ ಇದನ್ನು ತೋರಿಸುವುದಿಲ್ಲ.

“ಹಂಗಾದ್ರೆ ನವೆಂಬರ್ ಮಳೆ ಮುಗಿದ ಮೇಲೆ ಸವರಿದ್ರೆ ಆಯ್ತಪ್ಪ” ಎಂದು ಟೀ ಅಂಗಡಿಯಲ್ಲೇ ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ನವೆಂಬರ್ ಕೊನೆಗೆ ಸವರಿದರೆ ಹೂವು ಒಣ ಹವೆಯಲ್ಲಿ ಬರುತ್ತದೆ, ಸರಿ. ಬಣ್ಣ ತಿರುಗುವುದು ಫೆಬ್ರವರಿ ಕೊನೆಗೆ, ಕೊಯ್ಲು ಏಪ್ರಿಲ್‌ಗೆ ಹೋಗುತ್ತದೆ. ಜನವರಿಯ ಚಳಿ ಕೈತಪ್ಪಿತು. 2023ರ ಫೆಬ್ರವರಿ 1901ರಿಂದೀಚೆಗೆ ದೇಶ ಕಂಡ ಅತಿ ಬಿಸಿ ಹಗಲಿನ ಫೆಬ್ರವರಿ ಎಂದು ಹವಾಮಾನ ಇಲಾಖೆಯೇ ಹೇಳಿದೆ. ಅದರ ಮೇಲೆ ಮಾರ್ಚ್–ಏಪ್ರಿಲ್‌ನಲ್ಲಿ ಸಕಲೇಶಪುರದವರು ಆಕಾಶ ನೋಡುತ್ತಾ ಕಾಯುವ ಹೂವಿನ ಮಳೆ. ಕಾಫಿಗೆ ಅದು ಪ್ರಾಣ. ಹಣ್ಣಾದ ದ್ರಾಕ್ಷಿಗೆ ಅದು ಶತ್ರು, ನೀರು ಕುಡಿದು ಸಿಪ್ಪೆ ಬಿರಿಯುತ್ತದೆ, ಬಿರಿದದ್ದು ಕೊಳೆಯುತ್ತದೆ. ಆಲಿಕಲ್ಲು ಬಿದ್ದರೆ ಕೇಳುವುದೇ ಬೇಡ.

ಹಿಂಗಾರಿನ ಬಾಲ ಒಂದು ಕಡೆ, ಹೂವಿನ ಮಳೆಯ ತಲೆ ಇನ್ನೊಂದು ಕಡೆ. ನಡುವೆ ಇರುವ ಒಣ ಸಂದಿನಲ್ಲಿ ಹೂವಿನಿಂದ ಹಣ್ಣಿನವರೆಗೆ ಮುಗಿಯಬೇಕು. ಹಾಸನದಲ್ಲಿ ಕೆಂಪು ವೈನ್ ಹೇಗಿರುತ್ತದೆ ಎನ್ನುವುದನ್ನು ಆ ಸಂದು ಹೇಳುತ್ತದೆ, ಅಡಿ ಲೆಕ್ಕ ಹೇಳುವುದಿಲ್ಲ. ಆ ಸಂದು ಒಂದೇ ಜಿಲ್ಲೆಯಲ್ಲಿ ಎಲ್ಲಾ ಕಡೆ ಒಂದೇ ಅಗಲ ಇಲ್ಲ. ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುತ್ತದೆ, ಅರಸೀಕೆರೆಯಲ್ಲಿ 700ರ ಆಸುಪಾಸು. ಮೊಸಳೆ ನಡುವೆ. ಅರಸೀಕೆರೆ, ಚನ್ನರಾಯಪಟ್ಟಣದ ಒಣ ಕಡೆ ಯಾರಾದರೂ ಪ್ರಯೋಗ ಮಾಡುತ್ತೇವೆ ಎಂದರೆ ನಾವು ಬೇಡ ಅನ್ನುವುದಿಲ್ಲ. ಪ್ರಯೋಗ ಅನ್ನಬೇಕು, ಪ್ಯಾಕೇಜ್ ಅನ್ನಬಾರದು.

ನಂದಿ ಬುಡದಲ್ಲಿ ಗ್ರೋವರ್ ಕುಟುಂಬ ತೋಟ ಹಾಕಿದ್ದು 1988ರ ಸುಮಾರಿಗೆ. ಅದಕ್ಕೂ ಮೊದಲು ಹತ್ತಾರು ಫ್ರೆಂಚ್ ತಳಿಗಳನ್ನು ವರ್ಷಗಟ್ಟಲೆ ನೆಟ್ಟು ನೋಡಿ, ಫ್ರಾನ್ಸಿನಿಂದ ತಜ್ಞರನ್ನು ಕರೆಸಿ, ಕೊನೆಗೆ ಕೆಲವನ್ನು ಮಾತ್ರ ಉಳಿಸಿಕೊಂಡರು. ದುಡ್ಡಿದ್ದವರು ಕೂಡ ಅಷ್ಟು ಕಾದರು. ಎರಡು ಎಕರೆಯವರಿಗೆ ಮಾತ್ರ ಒಂದೇ ಮೀಟಿಂಗ್‌ನಲ್ಲಿ ಅಡ್ವಾನ್ಸ್ ಕಟ್ಟಬೇಕಂತೆ!

ಇಲ್ಲಿ ಇನ್ನೊಂದು ಅಪಾಯ ಇದೆ, ಅದನ್ನು ಆ ಪ್ರೆಸ್ ನೋಟ್‌ನಲ್ಲಿ ಬರೆದಿರಲಿಲ್ಲ, ನಾವೂ ಕೇಳಲಿಲ್ಲ. ವೈನ್ ದ್ರಾಕ್ಷಿಗೆ ಸಂತೆ ಇಲ್ಲ. ಕಾಳು ಸಣ್ಣದು, ಸಿಪ್ಪೆ ದಪ್ಪ, ಬೀಜ ತುಂಬಿರುತ್ತದೆ. ಟೊಮೆಟೊ ಬೆಲೆ ಬಿದ್ದರೆ ನಾಲ್ಕು ಕಾಸಿಗಾದರೂ ಕೇಳುವವರಿದ್ದಾರೆ. ಕ್ಯಾಬರ್ನೆಯನ್ನು ವೈನರಿಯವರು ಬೇಡ ಎಂದರೆ ಹಾಸನದ ಮಾರ್ಕೆಟ್‌ನಲ್ಲಿ ಯಾರೂ ಮೂಸುವುದಿಲ್ಲ. 2008ರ ನಂತರ ಮಹಾರಾಷ್ಟ್ರದಲ್ಲಿ ಆದದ್ದು ಅದೇ. ವೈನರಿಗಳು ಕೊಳ್ಳುವುದು ನಿಲ್ಲಿಸಿದವು, ರೈತರು ವೈನ್ ಬಳ್ಳಿ ಕಿತ್ತುಹಾಕಿ ತಿನ್ನುವ ದ್ರಾಕ್ಷಿಗೆ ವಾಪಸ್ ಹೋದರು. ಅವರಿಗೆ ವಾಪಸ್ ಹೋಗಲು ಒಂದು ದ್ರಾಕ್ಷಿ ಇತ್ತು. ನಮಗೆ? ಕಲ್ಲುಕಂಬ, ತಂತಿ, ಹನಿ ನೀರಾವರಿ ಎಂದು ಲಕ್ಷಗಟ್ಟಲೆ ಹೂತ ಮೇಲೆ ಶುಂಠಿಗೆ ವಾಪಸ್ ಹೋಗುವುದು ಸುಲಭವಲ್ಲ.

ಮಲೆನಾಡಿನ ವೆನಿಲ್ಲಾ ನೆನಪಿದೆ. 2003ರ ಸುಮಾರಿಗೆ ಹಸಿ ಕೋಡಿಗೆ ಚಿನ್ನದ ಮಾತು, ತೋಟಕ್ಕೆ ರಾತ್ರಿ ಕಾವಲು. ಎರಡು ಮೂರು ವರ್ಷದಲ್ಲಿ ಕೇಳುವವರಿಲ್ಲ. ಆಮೇಲೆ ಎಮು ಕೋಳಿ. ಆಗಲೂ ಪೇಪರ್ ಕಟಿಂಗ್‌ಗಳು ಸುತ್ತಾಡಿದ್ದವು.

ಕೆಲವರು ನಮ್ಮನ್ನೇ ಕೇಳಬಹುದು, ಹೆಂಡದ ವಿಷಯ ಊರಿನವರಿಗೆ ಯಾಕೆ ಹೇಳುತ್ತೀರಿ ಎಂದು. ಕುಡಿಯಿರಿ ಎಂದು ನಾವು ಹೇಳುತ್ತಿಲ್ಲ. 2007ರಲ್ಲಿ ಸರ್ಕಾರ ವೈನ್ ನೀತಿ ತಂದಿತು, ದ್ರಾಕ್ಷಾರಸ ಮಂಡಳಿಯನ್ನೂ ಮಾಡಿತು. ಬೆಂಗಳೂರಿನಲ್ಲಿ ವೈನ್ ಮೇಳ ನಡೆಯುತ್ತದೆ. ಗ್ಲಾಸ್ ಹಿಡಿಯುವುದು ಹೇಗೆಂದು ಅಲ್ಲಿ ಕಲಿಸುತ್ತಾರೆ. ಬಳ್ಳಿ ಹಿಡಿಯುವವನಿಗೆ ಮಳೆ ಲೆಕ್ಕ ಹೇಳಿಕೊಡಲು ಹೋಬಳಿಗೆ ಒಬ್ಬರಾದರೂ ಬರಲಿ ಎನ್ನುವುದು ನಮ್ಮ ತಕರಾರು. ಕಾರೇಕೆರೆಯಲ್ಲಿ ಕೃಷಿ ಕಾಲೇಜು ಇದೆ, ಸೋಮನಹಳ್ಳಿ ಕಾವಲಿನಲ್ಲಿ ತೋಟಗಾರಿಕೆ ಸಂಶೋಧನೆಗೆ ಜಾಗ ಇದೆ. ನಾಲ್ಕು ಸಾಲು ಬಳ್ಳಿ ನೆಟ್ಟು, ಐದು ವರ್ಷ ಅಳೆದು, ನವೆಂಬರ್‌ನಲ್ಲಿ ಎಷ್ಟು ಸಲ ಔಷಧಿ ಹೊಡೆದೆವು, ಜನವರಿ ರಾತ್ರಿ ಎಷ್ಟು ಡಿಗ್ರಿ ಇತ್ತು, ಹಣ್ಣಿನ ಹುಳಿ–ಸಕ್ಕರೆ ಎಷ್ಟು ಬಂತು ಎಂದು ಬೋರ್ಡ್ ಮೇಲೆ ಬರೆದು ಹಾಕಲಿ. ಸಸಿ ಮಾರುವವರು ಅದರ ಮುಂದೆ ನಿಂತು ಮಾತಾಡಲಿ.

ಮೊಸಳೆಯ ಆ ರೈತರಿಗೆ ಅಡ್ವಾನ್ಸ್ ಕೊಡಬೇಡಿ ಎಂದು ಹೇಳುವ ಹಕ್ಕು ನಮಗಿಲ್ಲ. ಆದರೆ ಮಾರುವವರಿಗೆ ಕೇಳಬೇಕಾದ್ದನ್ನು ಅವರ ಫೋನ್‌ನಲ್ಲೇ ಟೈಪ್ ಮಾಡಿಕೊಟ್ಟು ಬಂದೆವು. ನಮ್ಮ ಪಂಚಾಯಿತಿಯಲ್ಲಿ ಹತ್ತು ವರ್ಷ ಅಕ್ಟೋಬರ್, ನವೆಂಬರ್‌ನಲ್ಲಿ ಬಿದ್ದ ಮಳೆ ಎಷ್ಟು, ತೋರಿಸಿ. ಈ ಜಿಲ್ಲೆಯಲ್ಲಿ ಮೂರು ಫಸಲು ಕೊಯ್ದ ಒಂದು ತೋಟಕ್ಕೆ ಕರೆದುಕೊಂಡು ಹೋಗಿ. ಹಣ್ಣಿನ ಸಕ್ಕರೆ ನೀವು ಹೇಳಿದ ಮಟ್ಟಕ್ಕೆ ಬರದಿದ್ದರೆ ಕೊಳ್ಳುತ್ತೀರಾ ಇಲ್ಲವಾ, ಛಾಪಾ ಕಾಗದದ ಮೇಲೆ ಬರೆಯಿರಿ.

ಮಳೆ ಲೆಕ್ಕ ಗುಟ್ಟೇನೂ ಅಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಮಾಪಕ ಇಟ್ಟಿದ್ದಾರೆ, ವರುಣ ಮಿತ್ರ ಸಹಾಯವಾಣಿಯೂ ಅವರದೇ. ನಿಮ್ಮ ಪಂಚಾಯಿತಿಯ ಲೆಕ್ಕ ತೆಗೆಸಲು ಕಷ್ಟವಾದರೆ ಊರು, ಹೋಬಳಿ ಬರೆದು ನಮಗೆ ಕಳಿಸಿ, ನಾವೇ ಓಡಾಡಿ ತರಿಸುತ್ತೇವೆ. ಪ್ಲಾಸ್ಟಿಕ್ ಹೊದಿಸಿದ ಆ ಮೂರು ಕಾಲಂ ಸುದ್ದಿಯನ್ನು ನಿಮ್ಮೂರಿನಲ್ಲೂ ಯಾರಾದರೂ ತೋರಿಸಿದರೆ, ಬರೆದವರೇ ಅದನ್ನು ವಾಪಸ್ ತೆಗೆದುಕೊಂಡಿದ್ದಾರೆ ಎಂದು ಈ ಪುಟ ತೆರೆದು ತೋರಿಸಿ.